ಮೂಲವೂ ಟೀಕೆಯೂ

ವರ್ಡ್‌ಪ್ರೆಸ್‌ನಲ್ಲಿ ಜಾಲತಾಣ ಕಟ್ಟಲು ಕೂತವರಿಗೆ ಬಲ್ಲವರು ಮೊದಲು ಹೇಳುವ ಮಾತು: ಕೋರ್‌ಗೆ, ಅಂದರೆ ತಂತ್ರಾಂಶದ ಮೂಲಕ್ಕೆ, ಕೈ ಹಚ್ಚಬೇಡ. ಹಚ್ಚುವ ಹಕ್ಕು ಇಲ್ಲವೆಂದಲ್ಲ. ಅದರ ಪ್ರತಿ ಸಾಲೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಜಿಪಿಎಲ್ ಪರವಾನಗಿ ಅದನ್ನು ಬರೆದೇ ಕೊಟ್ಟಿದೆ. ಆದರೂ ಬೇಡ ಎನ್ನುತ್ತಾರೆ. ಮುಂದಿನ ಅಪ್‌ಡೇಟ್ ಬಂದಾಗ ಮೂಲದ ಕಡತಗಳ ಜಾಗದಲ್ಲಿ ಹೊಸವು ಬಂದು ಕೂರುತ್ತವೆ, ನಾವು ನಡುವೆ ಸೇರಿಸಿದ್ದು ಅಳಿಸಿಹೋಗುತ್ತದೆ. ಅಪ್‌ಡೇಟೇ ಬೇಡವೆಂದರೆ ಕಳ್ಳರು ನುಗ್ಗುವ ಬಿರುಕುಗಳು ಮುಚ್ಚದೆ ಉಳಿಯುತ್ತವೆ. ಹಾಗಾಗಿ ನಮ್ಮ ಬದಲಾವಣೆಯೆಲ್ಲ ಹೊರಗೆ ನಿಲ್ಲಬೇಕು: ರೂಪಕ್ಕೆ ಚೈಲ್ಡ್ ಥೀಮ್, ಕೆಲಸಕ್ಕೆ ಪ್ಲಗಿನ್. ಮೂಲವೇ ಅಲ್ಲಲ್ಲಿ ಹುಕ್‌ಗಳನ್ನು ಬಿಟ್ಟಿರುತ್ತದೆ. ಲೇಖನ ಪರದೆಗೆ ಬರುವ ಮುನ್ನ ಒಮ್ಮೆ ತಡೆದು, ಇದಕ್ಕೆ ಯಾರಾದರೂ ಏನಾದರೂ ಸೇರಿಸುವುದಿದೆಯೇ ಎಂದು ಕೇಳಿಯೇ ಮುಂದೆ ಹೋಗುತ್ತದೆ.

ಇದು ಬರೀ ತಾಂತ್ರಿಕ ಎಚ್ಚರಿಕೆ ಎಂದು ನನಗೆ ಅನ್ನಿಸುವುದಿಲ್ಲ. ಬೇರೆಯವರು ಕಟ್ಟಿಕೊಟ್ಟದ್ದನ್ನು ನಮ್ಮದು ಮಾಡಿಕೊಳ್ಳುವುದು ಹೇಗೆ? ಎಷ್ಟನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು? ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ್ ಸೀಮೆ ಈ ಪ್ರಶ್ನೆಯೊಂದಿಗೆ ಸಾವಿರ ವರ್ಷಕ್ಕೂ ಮೇಲ್ಪಟ್ಟು ಬಾಳಿದೆ.

ಶಹಾಬಾದ್ ಹತ್ತಿರದ ಮರತೂರು ವಿಜ್ಞಾನೇಶ್ವರನ ಊರೆಂದು ಹೆಸರಾಗಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಟೀಕೆಯನ್ನು ಬರೆದ. ಸ್ಮೃತಿಯ ಶ್ಲೋಕಗಳನ್ನು ಅವುಗಳ ಪಾಡಿಗೆ ಇಟ್ಟು, ಪಕ್ಕದಲ್ಲಿ ತನ್ನ ಮಾತು ಇಟ್ಟ. ಅದೇ ಸ್ಮೃತಿಗೆ ಅವನಿಗಿಂತ ಮೊದಲು ವಿಶ್ವರೂಪನ ಬಾಲಕ್ರೀಡಾ ಇತ್ತು, ಆಮೇಲೆ ಕೊಂಕಣದ ಶಿಲಾಹಾರ ದೊರೆ ಅಪರಾದಿತ್ಯನ ಟೀಕೆ ಬಂತು. ಮೂಲ ಒಂದೇ, ಅದರ ಮೇಲೆ ನಿಂತ ನ್ಯಾಯಗಳು ಹಲವು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ವಿಜ್ಞಾನೇಶ್ವರ ವಾದಿಸಿದ. ಆ ಟೀಕೆ ಬಂಗಾಳದ ಕಡೆ ಬಿಟ್ಟು ಭಾರತದ ಬಹುಭಾಗದಲ್ಲಿ ಕಾನೂನೇ ಆಯಿತು. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯವಿಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಿತಾಕ್ಷರದ ಹೆಸರೇ ಇದೆ. 2005ರ ತಿದ್ದುಪಡಿ ಬಂದಾಗ, ಹುಟ್ಟಿನಿಂದ ಬರುವ ಅದೇ ಹಕ್ಕು ಮಗಳಿಗೂ ಸಂದಿತು. ಟೀಕೆಗೇ ಟೀಕೆ ಬೆಳೆಯಿತು. ಮೂಲವನ್ನು ಕೆಡಿಸದೆ ಇಷ್ಟು ದೂರ ಬರಬಹುದು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಬೇಕಿಲ್ಲ.

ಆದರೆ ಟೀಕೆಯಿಂದ ತೀರದ ಸಂಗತಿಗಳೂ ಇವೆ. ಕನ್ನಡದಲ್ಲಿ ತಾಣ ಕಟ್ಟಿದವರಿಗೆ ಅವು ಬೇಗ ಎದುರಾಗುತ್ತವೆ. ಲೇಖನದ ಆರಂಭವನ್ನು ತುಣುಕಾಗಿ ತೋರಿಸಲು ವರ್ಡ್‌ಪ್ರೆಸ್ 55 ಪದ ಎಣಿಸುತ್ತದೆ. ಪ್ರತ್ಯಯಗಳನ್ನೆಲ್ಲ ಒಡಲಲ್ಲೇ ಹೊತ್ತ ಕನ್ನಡದ 55 ಪದ ತುಣುಕಲ್ಲ, ಉದ್ದನೆಯ ಪ್ಯಾರಾ. ಇದನ್ನು ಹುಕ್ ಹಿಡಿದು ಸರಿಮಾಡಬಹುದು. ಸಾಲುಗಳ ನಡುವೆ ಒತ್ತಕ್ಷರ ಇಕ್ಕಟ್ಟಾದರೆ ಚೈಲ್ಡ್ ಥೀಮ್‌ನಲ್ಲಿ ಅಂತರ ಹೆಚ್ಚಿಸಬಹುದು. ವಿಳಾಸದ ವಿಷಯ ಹಾಗಲ್ಲ. ಶೀರ್ಷಿಕೆಯಿಂದ ತಾನೇ ಮಾಡಿಕೊಳ್ಳುವ ವಿಳಾಸಕ್ಕೆ ಮೂಲದಲ್ಲಿ 200 ಸ್ಥಾನ ಕೊಟ್ಟಿದ್ದಾರೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಸ್ಥಾನ ಸಾಕು. ಕನ್ನಡದ ಒಂದೊಂದು ಚಿಹ್ನೆಯೂ ಮೂರು ಬೈಟ್. ವಿಳಾಸವಾಗಿ ಬರೆದಾಗ ಒಂಬತ್ತು ಸ್ಥಾನ. ಸ್ವರಚಿಹ್ನೆ, ವಿರಾಮಗಳಿಗೂ ಬೇರೆ ಬೇರೆ ಲೆಕ್ಕ. ‘ಕವಿರಾಜಮಾರ್ಗ’ ಎಂಬ ಒಂದೇ ಹೆಸರು 99 ಸ್ಥಾನ ತಿನ್ನುತ್ತದೆ. 22 ಚಿಹ್ನೆ ದಾಟಿದ ಕನ್ನಡ ಶೀರ್ಷಿಕೆ ತುಂಡಾಗುತ್ತದೆ. ಯಾರೂ ಹಗೆತನದಿಂದ ಮಾಡಿದ್ದಲ್ಲ. ಕಟ್ಟುವಾಗ ನಾವು ಕಣ್ಣೆದುರು ಇರಲಿಲ್ಲ, ಅಷ್ಟೇ.

ಇಲ್ಲಿಗೆ ಬಂದಾಗ ನನಗೆ ಮರತೂರಿಗಿಂತ ಸೇಡಂ ತಾಲ್ಲೂಕಿನ ಮಳಖೇಡ ಹತ್ತಿರವೆನಿಸುತ್ತದೆ. ರಾಷ್ಟ್ರಕೂಟರ ಆ ರಾಜಧಾನಿಯಲ್ಲಿ, ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರಲ್ಲಿ ಶ್ರೀವಿಜಯ ಕವಿರಾಜಮಾರ್ಗವನ್ನು ರಚಿಸಿದ. ಎದುರಿಗಿದ್ದದ್ದು ದಂಡಿಯ ಸಂಸ್ಕೃತ ಲಕ್ಷಣಗ್ರಂಥ ಕಾವ್ಯಾದರ್ಶ. ಶ್ರೀವಿಜಯ ಅದಕ್ಕೆ ಟೀಕೆ ಬರೆಯಲಿಲ್ಲ. ಚೌಕಟ್ಟನ್ನು ತೆಗೆದುಕೊಂಡ, ಬೇಕಾದ ಪದ್ಯಗಳನ್ನು ಕನ್ನಡಕ್ಕೆ ತಿರುಗಿಸಿದ, ದಂಡಿಗೆ ಗೊತ್ತಿರಲಾರದ ಚತ್ತಾಣ, ಬೆದಂಡೆ ಎಂಬ ಕನ್ನಡದ ಕಾವ್ಯರೂಪಗಳನ್ನು, ಕನ್ನಡ ಕವಿಗಳ ಹೆಸರುಗಳನ್ನು ಒಳಗೆ ಕೂರಿಸಿದ. ಸಂಸ್ಕೃತದ ಅಳತೆಗೆ ಕನ್ನಡ ಕುಗ್ಗದಂತೆ ಅಳತೆಯನ್ನೇ ಮತ್ತೆ ಬರೆದ. ತಂತ್ರಾಂಶದವರು ಇದನ್ನು ಫೋರ್ಕ್ ಎನ್ನುತ್ತಾರೆ. ವರ್ಡ್‌ಪ್ರೆಸ್ ಹುಟ್ಟಿದ್ದೂ ಹಾಗೆಯೇ: ಮಿಶೆಲ್ ವಾಲ್ಡ್ರಿಗಿಯ ಬಿ2 ಎಂಬ ತಂತ್ರಾಂಶದ ಬೆಳವಣಿಗೆ ನಿಂತಾಗ, 2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದನ್ನೇ ಎತ್ತಿಕೊಂಡು ಮುಂದುವರಿಸಿದರು. 2005ರಲ್ಲಿ ಮ್ಯಾಂಬೊ ಎಂಬ ಇನ್ನೊಂದು ತಂತ್ರಾಂಶದಿಂದ ಜೂಮ್ಲಾ ಹೀಗೆಯೇ ಕವಲೊಡೆಯಿತು.

ಟೀಕೆ ಸಾಕೋ, ಹೊಸ ಮಾರ್ಗವೇ ಬೇಕೋ ಎಂದು ತಿಳಿಯಲು ಮೂಲವನ್ನು ಓದಬಲ್ಲವರಾಗಿರಬೇಕು. ಓದದೆ ಕೈ ಹಚ್ಚಿದರೆ ಏನಾಗುತ್ತದೆ ಎನ್ನುವುದೂ ಈ ಸೀಮೆಯಲ್ಲೇ ಇದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬೆಯ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಎರಡೂ ಬದಿಗೆ ಅಶೋಕನ ಶಾಸನ ಕಂಡಿತು. ಮೂರ್ತಿ ಕೂರಿಸಲು ನಡುವೆ ಕೊರೆದ ಚೌಕದಲ್ಲಿ ಕೆಲವು ಸಾಲುಗಳು ಹೋಗಿದ್ದವು. ಕೊರೆದವರದು ಭಕ್ತಿ, ಅವರನ್ನು ದೂರಲಾರೆ. ಬ್ರಾಹ್ಮಿ ಲಿಪಿ ಆ ಹೊತ್ತಿಗೆ ಓದುವವರಿಲ್ಲದೆ ಮರೆತುಹೋಗಿರಬೇಕು. ಕಲ್ಲು ಅವರ ಕೈಯಲ್ಲಿತ್ತು, ಬರಹ ಇರಲಿಲ್ಲ. ಮುಕ್ತ ತಂತ್ರಾಂಶದ ಸ್ವಾತಂತ್ರ್ಯಗಳಲ್ಲಿ ತಿದ್ದುವ ಹಕ್ಕಿನ ಜೊತೆಗೇ ಅಭ್ಯಾಸ ಮಾಡುವ ಹಕ್ಕನ್ನು ಇಟ್ಟಿರುವುದು ಇದಕ್ಕೇ ಇರಬೇಕು. ಸಿದ್ಧ ಥೀಮ್ ಕೊಂಡು ಬಣ್ಣ ಬದಲಿಸಿ ತಾಣ ಒಪ್ಪಿಸುವುದನ್ನಷ್ಟೇ ಕಲಿಸಿ ನಮ್ಮ ಹುಡುಗ ಹುಡುಗಿಯರನ್ನು ಕಳಿಸಿದರೆ, ಓದು ಬಾರದ ಕೈಗೆ ಉಳಿ ಕೊಟ್ಟಂತೆಯೇ.

ಓದಿದವರು ಬದಲಿಸಬೇಕಾದದ್ದು ಬಣ್ಣವನ್ನಲ್ಲ. ವರ್ಡ್‌ಪ್ರೆಸ್‌ಗೆ ಹುಟ್ಟಿನಿಂದ ಗೊತ್ತಿರುವ ಬರಹಗಳು ಮುಖ್ಯವಾಗಿ ಎರಡು, ಪೋಸ್ಟ್ ಮತ್ತು ಪೇಜ್. 2010ರ 3.0 ಆವೃತ್ತಿಯಿಂದ ನಮಗೆ ಬೇಕಾದ ಬಗೆಗಳನ್ನು ಸುಲಭವಾಗಿ ನಾವೇ ಹೇಳಿಕೊಡಬಹುದು, ಪ್ರತಿಯೊಂದಕ್ಕೂ ಬೇಕಾದ ಖಾನೆಗಳನ್ನು ಕೊಡಬಹುದು. ಖಾನೆ ಇಲ್ಲದ್ದನ್ನು ಯಾರೂ ತುಂಬುವುದಿಲ್ಲ, ಹುಡುಕಿದರೂ ಅದು ಸಿಗುವುದಿಲ್ಲ. ಸೇಡಂನವರು ತೊಗರಿಗೊಂದು ಬಗೆ ಮಾಡಿದರೆ ಅಂದಿನ ಧಾರಣೆಯ ಜೊತೆ ಮಳೆಯ ಲೆಕ್ಕವೂ ಇರಬೇಕೆ? ಚಿಂಚೋಳಿಯ ಕಾಡಿನ ಪುಟದಲ್ಲಿ ಮರಗಳಿಗೆ ತಾಂಡಾದವರು ಕರೆಯುವ ಹೆಸರಿಗೆ ಜಾಗವಿದೆಯೆ? ವಾಡಿಯ ಪುಟದಲ್ಲಿ ಸಿಮೆಂಟಿನ ಮೊದಲು ಏನು ಬರಬೇಕು? ಶಹಾಬಾದ್ ಫರ್ಸಿಗೆ ಅಳತೆ, ದಪ್ಪ, ಬಣ್ಣ, ದರದ ಖಾನೆಗಳನ್ನು ಯಾವ ಥೀಮ್ ಮಾರುವವನೂ ಕೊಟ್ಟಾನು. ಗಣಿಯಲ್ಲಿ ಆ ಕಲ್ಲು ಎಬ್ಬಿಸಿದವರ ಹೆಸರಿಗೆ ಖಾನೆ ಇಡುವುದೋ ಬೇಡವೋ ಎಂಬುದನ್ನು ಮಾತ್ರ ಶಹಾಬಾದಿನವರೇ ಕೂತು ತೀರ್ಮಾನಿಸಬೇಕು.