ಪ್ರತಿಗೆ ತಿಳಿದಿರಬೇಕಾದ ಕೊರತೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಊರುಗಳಲ್ಲಿ ಶಾಖೆಯಿರುವ ಒಂದು ಕಂಪನಿಯನ್ನು ಊಹಿಸಿಕೊಳ್ಳೋಣ. ಶಾಖೆಗೊಂದು ಮೇಲ್ ಸರ್ವರ್. ಎಲ್ಲರೂ ಬರೆದು ಎಲ್ಲರೂ ಓದುವ ಫೋಲ್ಡರುಗಳು. ಎಕ್ಸ್‌ಚೇಂಜ್ 2003ರಂಥ ಹಳೆಯ ಮೇಲ್ ವ್ಯವಸ್ಥೆಯಲ್ಲಿ ಫೋಲ್ಡರುಗಳ ಹೆಸರಿನ ಪಟ್ಟಿ ಎಲ್ಲ ಸರ್ವರುಗಳಿಗೂ ಹೋಗುತ್ತಿತ್ತು, ಒಳಗಿನ ಹೂರಣ ಆಯ್ದ ಸರ್ವರುಗಳಿಗೆ ಮಾತ್ರ. ಯಾರೂ ಬದಲಿಸದಿದ್ದರೆ 15 ನಿಮಿಷಕ್ಕೊಮ್ಮೆ ಹೊಸ ಬರಹಗಳು ಇಮೇಲ್ ರೂಪದಲ್ಲೇ ಹೊರಡುತ್ತಿದ್ದವು. ಎಲ್ಲವನ್ನೂ ಎಲ್ಲೆಡೆ ಇಡಲು ಹೋದರೆ ಪ್ರತಿಗಳ ಓಡಾಟವೇ ದಾರಿಯನ್ನೆಲ್ಲ ತುಂಬಿಬಿಡುತ್ತಿತ್ತು. ಅದಕ್ಕೇ ಕೆಲವು ಫೋಲ್ಡರುಗಳ ಸಾಗಾಟವನ್ನು ರಾತ್ರಿಗೆ ಮುಂದೂಡುತ್ತಿದ್ದರು. ಅಂದರೆ ಹಡಗಲಿಯಲ್ಲಿ ಬರೆದದ್ದು ಕೂಡ್ಲಿಗಿಯಲ್ಲಿ ಇನ್ನೂ ಕಾಣದ ಒಂದು ಹೊತ್ತು ಇದ್ದೇ ಇರುತ್ತಿತ್ತು. ಆ ಹೊತ್ತಿನಲ್ಲಿ ನಿಜವಾದ ಫೋಲ್ಡರ್ ಯಾವುದು?

ಈ ಸೀಮೆಗೆ ಇದು ಹೊಸ ಪ್ರಶ್ನೆಯಲ್ಲ. ಹಡಗಲಿ ತಾಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಮೈಲಾರಲಿಂಗನ ಭಕ್ತನಾದ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ, ಅಂದರೆ ಭವಿಷ್ಯವಾಣಿ, ನುಡಿಯುತ್ತಾನೆ. ಒಂದೇ ಮಾತು. ನುಡಿದವನೇ ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಆ ಮಾತು ಉಳಿಯುವುದು ಕೇಳಿದವರ ಕಿವಿಗಳಲ್ಲಿ. ಮಳೆಯೋ ಬೆಳೆಯೋ ರಾಜ್ಯಭಾರವೋ ಎಂದು ಅರ್ಥ ಹೇಳುತ್ತ ಜನ ಅದನ್ನು ತಂತಮ್ಮ ಊರಿಗೆ ಒಯ್ಯುತ್ತಾರೆ. ಲಿಂಗಾಯತರು ಮೈಮೇಲೆ ಧರಿಸುವ ಇಷ್ಟಲಿಂಗದ ವಿಚಾರ ಬೇರೆ. ಅಂಗೈಯಲ್ಲಿರುವ ಲಿಂಗ ಪ್ರತಿಯೊಬ್ಬರಲ್ಲೂ ಪೂರ್ಣ. ಪಕ್ಕದವರದ್ದು ಮೂಲ, ನನ್ನದು ನಕಲು ಎನ್ನುವ ಮಾತೇ ಅಲ್ಲಿಲ್ಲ. ಆದರೆ ನುಡಿ ಸಾಗುವ ವಸ್ತು. ಸಾಗುವಾಗ ಸವೆಯುತ್ತದೆ, ಸೇರಿಸಿಕೊಳ್ಳುತ್ತದೆ. ಅದಕ್ಕೆ ಇಷ್ಟಲಿಂಗದ ಪೂರ್ಣತೆಯನ್ನು ಆರೋಪಿಸುವುದೇ ನಮ್ಮ ಮೊದಲ ತಪ್ಪು. ನಾನು ಕೇಳಿದ್ದೇ ಪೂರ್ತಿ ಎಂಬ ಹಟ ಹುಟ್ಟುವುದು ಅಲ್ಲಿಂದ.

ಮತ್ತೆ ಆ ಹಳೆಯ ಮೇಲ್ ಸರ್ವರುಗಳಿಗೆ ಬಂದರೆ, ಅವುಗಳ ಒಂದು ನಡತೆ ನನಗೆ ತುಂಬ ಮುಖ್ಯವಾಗಿ ತೋರುತ್ತದೆ. ಪ್ರತಿ ಬದಲಾವಣೆಗೂ ಒಂದು ಕ್ರಮಸಂಖ್ಯೆ ಇರುತ್ತಿತ್ತು. ನಡುವಿನ ಸಂಖ್ಯೆ ಬಾರದಿದ್ದರೆ, ತನ್ನಲ್ಲೊಂದು ತೆರಪಿದೆ ಎಂದು ಸರ್ವರ್ ಗುರುತಿಸುತ್ತಿತ್ತು. ತಡವಾಗಿ ಬಂದೀತೆಂದು ಕೆಲವು ಗಂಟೆ ಕಾಯುತ್ತಿತ್ತು. ಬಾರದಿದ್ದರೆ ಇನ್ನೊಂದು ಸರ್ವರನ್ನು ಕೇಳಿ ತುಂಬಿಕೊಳ್ಳುತ್ತಿತ್ತು. ಒಂದು ಪ್ರತಿ ನಂಬಿಕೆಗೆ ಅರ್ಹವಾಗುವುದು ಅದು ತುಂಬಿರುವುದರಿಂದಲ್ಲ, ತನ್ನಲ್ಲಿ ಏನಿಲ್ಲವೆಂದು ಅದಕ್ಕೆ ತಿಳಿದಿರುವುದರಿಂದ. ನನ್ನ ವಾದ ಇಷ್ಟೇ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಎಕ್ಸ್‌ಚೇಂಜ್ 2013ರಲ್ಲಿ ಈ ಬಹುಪ್ರತಿಯ ಪದ್ಧತಿಯನ್ನೇ ಕೈಬಿಟ್ಟರು. ಹೆಸರಿನ ಪಟ್ಟಿಯನ್ನು ಒಂದೇ ಕಡೆ ತಿದ್ದಬೇಕೆಂದಾಯಿತು. ಹಲವರು ತಿದ್ದಬಹುದಾದಲ್ಲಿ ಸತ್ಯ ನಿಲ್ಲುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿಯಲ್ಲವೇ? ಆಡಳಿತದ ಮಟ್ಟಿಗೆ ಒಪ್ಪುತ್ತೇನೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಊರು ಯಾವ ಜಿಲ್ಲೆಯದೆಂದು ಕಚೇರಿಗೊಂದು ಪಟ್ಟಿ ಬರೆದುಕೊಂಡರೆ ರೈತನ ಗತಿಯೇನು? ಅಲ್ಲಿ ಬರೆಯುವ ಕೈ ಒಂದೇ ಇರಬೇಕು.

ಆದರೆ ಮೂಲವೇ ಉಳಿಯದ ಕಡೆ ಆ ಒಂದು ಕೈಯನ್ನು ಎಲ್ಲಿಂದ ತರುವುದು? ವಚನಗಳನ್ನು ಹೇಳಿದ ಹನ್ನೆರಡನೆಯ ಶತಮಾನದ ಶರಣರ ಸ್ವಹಸ್ತದ ಓಲೆ ಒಂದೂ ನಮಗೆ ದಕ್ಕಿಲ್ಲ. ಫ.ಗು. ಹಳಕಟ್ಟಿಯವರು 1923ರಲ್ಲಿ ಪ್ರಕಟಿಸಿದ ವಚನಶಾಸ್ತ್ರಸಾರ ಎಂಬ ವಚನಸಂಗ್ರಹದ ಹಿಂದಿರುವುದು ಮನೆಮಠಗಳಲ್ಲಿ ಉಳಿದಿದ್ದ ಪ್ರತಿಗಳ ಪ್ರತಿಗಳು. ಇಲ್ಲಿ ಒಂದನ್ನೇ ಮೂಲವೆಂದು ಸಾರಿ ಉಳಿದವನ್ನು ಅಳಿಸುವುದು ಸುಲಭ, ಆದರೆ ಅದು ಅನ್ಯಾಯ. ಒಳ್ಳೆಯ ಸಂಪಾದಕರು ಹಾಗೆ ಮಾಡುವುದಿಲ್ಲ. ತಮಗೆ ಸರಿಯೆನಿಸಿದ ಪಾಠವನ್ನು ಮೇಲಿಡುತ್ತಾರೆ, ಇನ್ನೊಂದು ಓಲೆ ಹೇಳುವ ಪಾಠಾಂತರವನ್ನು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಕೊಡುತ್ತಾರೆ, ಓಲೆ ಮುರಿದ ಕಡೆ ಚುಕ್ಕೆಗಳನ್ನಿಟ್ಟು ಹಾಗೆಯೇ ಬಿಡುತ್ತಾರೆ.