ಬಿಸಿ ರೊಟ್ಟಿಯ ಋಣ

ಮಂಗಸೂಳಿ ಬಿಟ್ಟು ಲಂಡನ್ನಿನಲ್ಲಿ ಸಂಸಾರ ಹೂಡಿದ ನಮಗೆ ಖಂಡೋಬಾ ಜಾತ್ರೆಯ ಭಂಡಾರಕ್ಕಿಂತ ಹೆಚ್ಚು ನೆನಪಾಗುವುದು ಬಿಸಿ ರೊಟ್ಟಿ. ಜೋಳದ ಹಿಟ್ಟು ಇಲ್ಲಿಯೂ ಸಿಗುತ್ತದೆ. ಆದರೆ ಅದಕ್ಕೆ ಗೋಧಿಯ ಜಿಗುಟಿಲ್ಲ. ಕುದಿನೀರು ಹಾಕಿ ನಾದಿ, ಒಂದೊಂದನ್ನೇ ಕೈಯಿಂದ ಬಡಿಯಬೇಕು. ಎಲ್ಲರೂ ಬಿಸಿಬಿಸಿ ಉಣ್ಣಬೇಕಾದರೆ ಒಬ್ಬರು ಕೊನೆಗೆ ಉಣ್ಣಲೇಬೇಕು. ಊರಲ್ಲಿ ಆ ಒಬ್ಬರು ಅವ್ವ. ಇಲ್ಲಿ ಆ ಜಾಗದಲ್ಲಿ, ದಿನವಿಡೀ ದುಡಿದು ಬಂದ ಹೆಂಡತಿಯೇ ನಿಲ್ಲಬೇಕೆ?

ಹಾಗಾದರೆ ನಾವು ಮನೆಯ ಸುಖ ಎನ್ನುವುದು ಇನ್ನೊಬ್ಬರ ದಣಿವೇ? ಪೂರ್ತಿ ಹಾಗಲ್ಲ; ಉಣಿಸುವುದರಲ್ಲಿ ಅವ್ವನಿಗೂ ಸಂತೋಷವಿತ್ತು. ಆದರೆ ಒಬ್ಬರು ಪ್ರೀತಿಯಿಂದ ಕೊಟ್ಟದ್ದನ್ನು ಮತ್ತೊಬ್ಬರಿಂದ ಹಕ್ಕೆಂದು ಕೇಳಲಾಗದು. ಊರಿನ ಹಂಬಲ ನನ್ನದಾದರೆ ಅದರ ದುಡಿಮೆಯೂ ನನ್ನದೇ. ರವಿವಾರ ನಾನೇ ಬಡಿಯುತ್ತೇನೆ, ಕೊನೆಗೆ ಉಣ್ಣುತ್ತೇನೆ. ಮಕ್ಕಳು ಮುಂದೆ ನೆನೆಯುವ ರೊಟ್ಟಿಯಲ್ಲಿ ಅಪ್ಪನ ಕೈಯೂ ಇರಲಿ.