ಪತಿತನ ಪಕ್ಷ ವಹಿಸುವುದು ಪಾಪಾನುಮೋದನೆಯೇ?

ಪ್ರಾಚೀನ ಕಾಲದಲ್ಲಿ ಕೊಪಣತೀರ್ಥವೆಂದು ಪ್ರಖ್ಯಾತವಾಗಿದ್ದ ಕೊಪ್ಪಳದ ಬಂಡೆಗಲ್ಲುಗಳ ಮೇಲೆ ವ್ರತನಿಷ್ಠರ ಹೆಸರುಗಳು ಇಂದಿಗೂ ಉಳಿದಿವೆ. ಶಕವರ್ಷ ೮೦೩ರಲ್ಲಿ, ಎಂದರೆ ಕ್ರಿ.ಶ. ೮೮೧ರಲ್ಲಿ, ಸರ್ವನಂದಿ ಭಟಾರರು ಇಲ್ಲಿ ಸನ್ಯಸನವಿಧಿಯಿಂದ ದೇಹತ್ಯಾಗ ಮಾಡಿದರೆಂದು ಶಾಸನವು ತಿಳಿಸುತ್ತದೆ. ಆಹಾರವನ್ನು ಬಿಟ್ಟರೂ ಅರಿವನ್ನು ಬಿಡದಿರುವುದೇ ಆ ಮಹಾವ್ರತದ ಹಿರಿಮೆ. ಅಫೀಮು, ಹೆರಾಯಿನ್, ಟ್ರಾಮಡಾಲ್ ಮಾತ್ರೆ ಮುಂತಾದವುಗಳಿಗೆ ವಶನಾದವನ ಸ್ಥಿತಿಯು ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ದೇಹವೇ ಒಡೆಯ, ಅರಿವೇ ಆಳು.

ಇಂತಹವನು ಆರೋಪಿಯಾಗಿ ನ್ಯಾಯಾಲಯದ ಮುಂದೆ ನಿಂತಾಗ ಅವನಿಗೆ ಉಚಿತವಾಗಿ ವಕೀಲರ ನೆರವನ್ನು ಒದಗಿಸುವುದು ಧರ್ಮವೇ? ಮದ್ಯತ್ಯಾಗವನ್ನು ಮೂಲಗುಣಗಳಲ್ಲಿ ಎಣಿಸುವ ಶ್ರಾವಕನಿಗೆ ಈ ಸಂಶಯವು ಸಹಜವಾದುದೇ. ಪಾಪವು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ. ತಾನಾಗಿ ಕೆಟ್ಟವನ ಪಕ್ಷ ವಹಿಸಿದರೆ ಅವನ ದುರ್ವ್ಯಸನವನ್ನು ಅನುಮೋದಿಸಿದಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ.

ಪಾಪವನ್ನು ಮೆಚ್ಚುವುದು ಅನುಮೋದನೆ. ಪಾಪದಿಂದ ಬಿದ್ದವನನ್ನು ಎತ್ತುವುದು ಅನುಮೋದನೆಯಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವನ್ನು ಹೇಳಿ, ಅದಕ್ಕೆ ವಾರಿಷೇಣನನ್ನು ನಿದರ್ಶನವಾಗಿ ಹೆಸರಿಸುತ್ತದೆ. ದೀಕ್ಷೆ ವಹಿಸಿಯೂ ಮನೆಯಲ್ಲಿಯೇ ಮನಸ್ಸನ್ನಿಟ್ಟಿದ್ದ ಗೆಳೆಯ ಪುಷ್ಪಡಾಲನನ್ನು ವಾರಿಷೇಣ ಮುನಿಯು ಸಂಘದಲ್ಲಿ ಹಂಗಿಸಲಿಲ್ಲ, ಹೊರದೂಡಲೂ ಇಲ್ಲ. ಅವನನ್ನು ಜೊತೆಯಲ್ಲಿ ಕರೆದುಕೊಂಡು ತನ್ನ ಅರಮನೆಗೇ ಹೋದನು. ತಾನು ತೊರೆದ ವೈಭವವನ್ನು ತೋರಿಸಿ ಅವನ ಮನಸ್ಸನ್ನು ವ್ರತದಲ್ಲಿ ನೆಲೆಗೊಳಿಸಿದನು. ಜೊತೆಯಲ್ಲಿ ನಡೆಯುವುದೇ ಅಲ್ಲಿಯ ಮುಖ್ಯಾಂಶ.

ಸ್ಥಿತಿಕರಣವು ಸಧರ್ಮಿಗಳಿಗೆ ಮಾತ್ರ ಸಲ್ಲತಕ್ಕದ್ದೆಂದು ವಾದಿಸಿದರೆ, ತತ್ತ್ವಾರ್ಥಸೂತ್ರವು ಅದಕ್ಕಿಂತ ವಿಶಾಲವಾದ ಮಾರ್ಗವನ್ನು ತೋರಿಸುತ್ತದೆ. ಸಮಸ್ತ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ತಿದ್ದಲಾಗದ ಅವಿನೇಯರಲ್ಲಿ ಮಾಧ್ಯಸ್ಥ್ಯ ಎಂಬುವು ಆ ನಾಲ್ಕು ಭಾವನೆಗಳು. ವ್ಯಸನಿಯನ್ನು ಅವಿನೇಯನೆಂದು ಬಗೆದು ಕೈತೊಳೆದುಕೊಳ್ಳುವುದೇ ಜನರು ಮಾಡುವ ತಪ್ಪು. ಅವನು ಕ್ಲೇಶಪಡುವವನು. ವೈದ್ಯಶಾಸ್ತ್ರವು ಅದನ್ನು ಚಿಕಿತ್ಸೆಗೆ ಬಗ್ಗುವ ರೋಗವೆಂದೇ ಹೇಳುತ್ತದೆ.

ದೇಶದ ಕಾನೂನು ಸಹ ಈ ಭೇದವನ್ನು ಬಲ್ಲದು. ೧೯೮೫ರ ಮಾದಕ ದ್ರವ್ಯಗಳ ಕಾಯ್ದೆಯು ಮಾರಾಟಗಾರನಿಗೆ ಕಠೋರವಾಗಿದೆ. ಹೆರಾಯಿನ್ ೨೫೦ ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣವೆನಿಸಿ ಕನಿಷ್ಠ ಹತ್ತು ವರ್ಷಗಳ ಸೆರೆವಾಸವುಂಟು. ಆದರೆ ಸ್ವಂತ ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧವನ್ನು ಹೊತ್ತ ವ್ಯಸನಿಯು ಸರ್ಕಾರ ನಡೆಸುವ ಅಥವಾ ಮಾನ್ಯಮಾಡಿದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ೬೪-ಎ ಕಲಮಿನಂತೆ ಆ ಅಪರಾಧದ ವಿಚಾರಣೆಯಿಂದ ಅವನಿಗೆ ವಿನಾಯಿತಿಯುಂಟು. ಚಿಕಿತ್ಸೆಯನ್ನು ಪೂರ್ತಿಗೊಳಿಸದಿದ್ದರೆ ಆ ವಿನಾಯಿತಿಯನ್ನು ಹಿಂತೆಗೆದುಕೊಳ್ಳಬಹುದು. ತಪ್ಪೊಪ್ಪಿಗೆ, ಸ್ವಇಚ್ಛೆ, ಪೂರ್ಣ ಪಾಲನೆ, ಇವು ಪ್ರಾಯಶ್ಚಿತ್ತದ ಲಕ್ಷಣಗಳೇ ಅಲ್ಲವೇ?

ಈ ಬಾಗಿಲು ಇರುವುದನ್ನು ಅರಿಯದವನಿಗೆ ಅದು ಮುಚ್ಚಿದ ಬಾಗಿಲೇ ಸರಿ. ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಕುಷ್ಟಗಿಯ ಒಣಭೂಮಿಯಿಂದ ಗಂಗಾವತಿಯ ಅಕ್ಕಿ ಗಿರಣಿಗೆ ಹಮಾಲಿಗಾಗಿ ಬಂದ ತರುಣನೊಬ್ಬನು ಬೆನ್ನುನೋವಿಗೆಂದು ನುಂಗಿದ ಮಾತ್ರೆಗೆ ದಾಸನಾಗಿ, ಮುಂದೆ ಹೆರಾಯಿನಿಗೆ ಇಳಿದು, ಎರಡು ಗ್ರಾಂ ಪುಡಿಯೊಡನೆ ಸಿಕ್ಕಿಬೀಳುತ್ತಾನೆ. ವಕೀಲರಿಲ್ಲದಿದ್ದರೆ ಅವನು ಬೇಗ ಮನೆ ಸೇರುವ ಆಸೆಯಿಂದ ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾಗುತ್ತಾನೆ. ಹೊರಬಂದವನು ಅದೇ ಪುಡಿಯ ಬಳಿಗೆ ಮರಳುತ್ತಾನೆ. ವಕೀಲರಿದ್ದರೆ ಶೋಧನೆಯು ಕ್ರಮಬದ್ಧವಾಗಿ ನಡೆಯಿತೇ ಎಂದು ನೋಡುತ್ತಾರೆ. ೬೪-ಎ ಕಲಮನ್ನು ನ್ಯಾಯಾಧೀಶರ ಗಮನಕ್ಕೆ ತರುತ್ತಾರೆ. ಸುಳ್ಳು ಹೇಳುವುದು ಇಲ್ಲಿ ಬೇಕಿಲ್ಲ. ಸತ್ಯಾಣುವ್ರತಕ್ಕೆ ಭಂಗವೂ ಇಲ್ಲ.

ಈ ನೆರವು ಭಿಕ್ಷೆಯೂ ಅಲ್ಲ. ಸಂವಿಧಾನಕ್ಕೆ ೧೯೭೬ರಲ್ಲಿ ಸೇರಿದ ೩೯-ಎ ಅನುಚ್ಛೇದವೂ ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯೂ ಅದಕ್ಕೆ ಆಧಾರ. ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಇದಕ್ಕೆ ಅರ್ಹರು; ಉಳಿದ ಬಡವರು ಗೊತ್ತಾದ ಮಿತಿಯೊಳಗೆ ಅರ್ಹರು. ಬಡ ಆರೋಪಿಯು ಬಾಯಿಬಿಟ್ಟು ಕೇಳಲಿಲ್ಲವೆಂಬ ಕಾರಣದಿಂದ ನೆರವನ್ನು ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೧೯೮೬ರಲ್ಲಿ ಸುಕ್ ದಾಸ್ ಪ್ರಕರಣದಲ್ಲಿ ತೀರ್ಪಿತ್ತಿತು. ಮಾದಕ ವ್ಯಸನಪೀಡಿತರಿಗಾಗಿಯೇ ರಾಷ್ಟ್ರೀಯ ಪ್ರಾಧಿಕಾರವು ೨೦೧೫ರಲ್ಲಿ ಯೋಜನೆಯೊಂದನ್ನು ರೂಪಿಸಿತು. ಕೊಪ್ಪಳದಲ್ಲಿ ಜಿಲ್ಲಾ ಪ್ರಾಧಿಕಾರವುಂಟು. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳವರು ತಮ್ಮ ತಾಲ್ಲೂಕಿನ ನ್ಯಾಯಾಲಯದಲ್ಲಿಯೇ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬಹುದು.

ಇಷ್ಟಿದ್ದರೂ ಎಷ್ಟೋ ಮನೆಗಳಲ್ಲಿ ಮಗನ ಚಟವನ್ನು ಮುಚ್ಚಿಡುತ್ತಾರೆ. ಉಪಗೂಹನವೂ ಒಂದು ಅಂಗವಲ್ಲವೇ ಎಂಬ ಸಮಾಧಾನ ಅವರದು. ಬೀದಿಯ ಬಾಯಿಂದ ದೋಷವನ್ನು ಮರೆಮಾಡುವುದು ಉಪಗೂಹನ; ವೈದ್ಯನಿಂದಲೂ ವಕೀಲನಿಂದಲೂ ಮರೆಮಾಡುವುದು ರೋಗಪೋಷಣೆ. ಕೆಲವರು ಬಸದಿಯಲ್ಲಿ ನಿಯಮ ಕೊಡಿಸಿ, ಕೋಣೆಯಲ್ಲಿ ಕೂಡಿಹಾಕಿ, ಗುಣವಾಯಿತೆಂದು ನಂಬುತ್ತಾರೆ. ಶಕ್ತಿಯನ್ನರಿತು ತ್ಯಾಗ, ಶಕ್ತಿಯನ್ನರಿತು ತಪಸ್ಸು ಎಂಬ ಆಗಮದ ಎಚ್ಚರಿಕೆಯನ್ನು ಇಲ್ಲಿ ಮರೆಯಬಾರದು. ಕೆಲವು ವಾರ ಬಿಟ್ಟಿದ್ದ ದೇಹವು ಹಳೆಯ ಪ್ರಮಾಣವನ್ನು ತಾಳಲಾರದು. ಎಡವಿ ಮತ್ತೆ ಅಷ್ಟೇ ಸೇವಿಸಿದರೆ ಉಸಿರು ನಿಂತು ಪ್ರಾಣವೇ ಹೋಗಬಹುದು. ಆದುದರಿಂದ ವ್ರತವು ಚಿಕಿತ್ಸೆಯ ಜೊತೆಗಿರಬೇಕು, ಅದರ ಸ್ಥಾನದಲ್ಲಿ ಅಲ್ಲ. ವೈದ್ಯರು ಕೊಡುವ ಬ್ಯುಪ್ರೆನಾರ್ಫಿನ್ ಮಾತ್ರೆಯು ಅಫೀಮಿನ ಕುಲದ್ದೇ ಆದರೂ ಅದು ಮತ್ತಿಗಲ್ಲ, ಔಷಧಕ್ಕೆ. ಅದನ್ನು ವ್ರತಭಂಗವೆಂದು ನಿಂದಿಸಿ ಬಿಡಿಸುವುದು ಜೀವಘಾತಕವಾದೀತು.

ದಾನವು ಆಹಾರ, ಔಷಧ, ಶಾಸ್ತ್ರ, ಅಭಯವೆಂದು ನಾಲ್ಕು ತೆರ. ಭಯಗೊಂಡು ಕಟಕಟೆಯಲ್ಲಿ ನಿಂತವನಿಗೆ ನ್ಯಾಯದ ದಾರಿಯನ್ನು ತೋರಿಸುವುದು ಅಭಯದಾನಕ್ಕೆ ಸಮೀಪವಾದುದು. ಇದಕ್ಕೆ ಶ್ರಾವಕನು ಹಣ ವೆಚ್ಚಮಾಡಬೇಕಿಲ್ಲ. ಕಾನೂನು ನೆರವಿಗೆ ೧೫೧೦೦, ವ್ಯಸನಮುಕ್ತಿಯ ಸಲಹೆಗೆ ೧೪೪೪೬ ಎಂಬ ದೂರವಾಣಿ ಸಂಖ್ಯೆಗಳನ್ನು ಬಲ್ಲವನಾಗಿ, ದಿಕ್ಕುಗೆಟ್ಟ ತಾಯಿಯೊಬ್ಬಳ ಜೊತೆ ತಾಲ್ಲೂಕು ನ್ಯಾಯಾಲಯದವರೆಗೆ ನಡೆದುಹೋದರೆ ಸಾಕು. ಅಷ್ಟಮಿ ಚತುರ್ದಶಿಗಳ ಉಪವಾಸದಲ್ಲಿ ಒಂದು ದಿನದ ಹಸಿವನ್ನು ಗೆಲ್ಲುವುದೇ ಎಷ್ಟು ಕಷ್ಟವೆಂಬುದನ್ನು ವ್ರತಿಕನು ಬಲ್ಲನು. ಇಡೀ ದೇಹವೇ ಹಸಿವಾಗಿ ತಿರುಗಿಬಿದ್ದವನ ಪಾಡನ್ನು ಅವನಲ್ಲದೆ ಬೇರೆ ಯಾರು ಅರಿತಾರು?